ಫೀಸು ಕೊಟ್ಟು ಕಲಿತದ್ದು

ನಮ್ಮೂರಿನಲ್ಲಿ ಫೀಸು ತೆಗೆದುಕೊಂಡು ಯಾರಾದರೂ ಏನನ್ನಾದರೂ ಕಲಿಸಿದರೆ, ಕಲಿಸಿದವರಿಗೆ ಅದು ಆಮೇಲೆ ಬರುವುದಿಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡಿ. ನಿಮ್ಮೂರಿನಲ್ಲಿ ಕಲಿಸಿದ ಮೇಲೂ ಅದು ಹೇಗೆ ಉಳಿಯುತ್ತದೆ ಎಂದು ನಾನು ಕೇಳಿದ್ದೇನೆಯೇ? ನಮ್ಮ ಬೀದಿಯ ಕೊನೆಯ ಮನೆಯ ಮೀನಾಕ್ಷಮ್ಮ ನೋಡಿದವರು ನಿಂತು ನೋಡುವಂಥ ರಂಗೋಲಿ ಹಾಕುತ್ತಿದ್ದರು. ಮೊಮ್ಮಗಳ ಮದುವೆಗೆ ಅಂತ ಅದನ್ನು ಫೀಸಿಗೆ ಕಲಿಸಿಬಿಟ್ಟರು. ಈಗ ಬೆಳಿಗ್ಗೆ ಎದ್ದು ನಾಲ್ಕು ಚುಕ್ಕಿ ಇಟ್ಟು, ಮುಂದೇನು ಅಂತ ತಿಳಿಯದೆ ಪೊರಕೆ ಹಿಡಿದುಕೊಂಡು ನಿಂತಿರುತ್ತಾರೆ. ಈಜು ಕಲಿಸಿದ ತಿಮ್ಮಯ್ಯನಂತೂ ಕೆರೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಶಾಲೆಯ ಮೇಷ್ಟ್ರುಗಳಿಗೆ ಊರಿನವರು ಸಂಬಳ ಕೊಡುವುದಿಲ್ಲ, ಮನೆ ಮನೆಯಿಂದ ಊಟ ಕೊಡುತ್ತಾರೆ. ಊಟ ಫೀಸಲ್ಲ ಎಂದು ಹಿರಿಯರು ಹುಡುಕಿದ ಉಪಾಯ ಅದು. ಅದಕ್ಕೇ ನಮ್ಮ ಮಕ್ಕಳು ಮಗ್ಗಿ ಕಲಿಯುವುದಕ್ಕೆ ಮೂರು ವರ್ಷ ತೆಗೆದುಕೊಳ್ಳುತ್ತವೆ.

ಫೀಸು ಕೊಟ್ಟು ಕಲಿತರೆ ಹಾಗಲ್ಲ. ಬೇಗ ಬರುತ್ತದೆ, ಪೂರ್ತಿ ಬರುತ್ತದೆ, ಕೈಯಲ್ಲಿ ಇಪ್ಪತ್ತು ವರ್ಷದಿಂದ ಇದ್ದ ಹಾಗೆ ಬರುತ್ತದೆ. ಜೊತೆಗೆ ಸ್ವಲ್ಪ ಅಂಟೂ ಬರುತ್ತದೆ. ಅಂಟು ಅಂದರೆ ಕಲಿಸಿದವರ ಚೂರುಪಾರು. ನಾನು ಸುಬ್ಬಲಕ್ಷ್ಮಮ್ಮನವರ ಹತ್ತಿರ ಹೋಳಿಗೆ ತಟ್ಟುವುದನ್ನು ಫೀಸು ಕೊಟ್ಟು ಕಲಿತೆ. ಅಂದಿನಿಂದ ನನಗೆ ಬೆಕ್ಕು ಕಂಡರೆ ಆಗುವುದಿಲ್ಲ. ಅವರಿಗೆ ಚಿಕ್ಕಂದಿನಲ್ಲಿ ಹೂರಣ ರುಬ್ಬುವಾಗ ಬೆಕ್ಕು ಪರಚಿತ್ತು. ಪರಚಿದ ಉರಿ ನನಗೆ ನೆನಪಿದೆ, ಪರಚಿಸಿಕೊಂಡವರು ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಲು ಕುಡಿಸುತ್ತಿದ್ದಾರೆ. ಇಂಥದ್ದಕ್ಕೆಲ್ಲ ನಮ್ಮೂರಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹೆಣ್ಣು ನೋಡಲು ಬಂದವರು ಹುಡುಗಿ ಹಾಡಿದ ಮೇಲೆ "ಕೊಂಡದ್ದೋ, ಓದಿದ್ದೋ?" ಎಂದು ಕೇಳಿ ಉಪ್ಪಿಟ್ಟಿಗೆ ಕೈ ಹಾಕುತ್ತಾರೆ.

ನನ್ನ ಹೆಸರು ವಿಮಲಾಕ್ಷಿ. ಊರಿನ ನೀರಿನ ಆಫೀಸಿನಲ್ಲಿ ಫೈಲು ನೋಡಿಕೊಳ್ಳುತ್ತೇನೆ. ಆ ಕೆಲಸ ನನಗೆ ಸಿಕ್ಕಿದ್ದು ನನ್ನ ಗಂಡ ಚನ್ನಕೇಶವ ಅಲ್ಲೇ ಸತ್ತದ್ದರಿಂದ. ಊರಿಗೆಲ್ಲ ನೀರು ಹೋಗುವುದು ಆಫೀಸಿನ ಹಿಂದಿನ ದೊಡ್ಡ ಸಂಪಿನಿಂದ. ಸಂಪು ಅಂದರೆ ನೆಲದ ಕೆಳಗೆ ಮೂರು ಆಳು ಆಳದ ಕೋಣೆ. ವಾರಕ್ಕೊಮ್ಮೆ ಅವರು ಅದರೊಳಗೆ ಇಳಿದು ಪಾಚಿ ಕೆರೆಯುತ್ತಿದ್ದರು. ಸಂಪಿಗೆ ನೀರು ಬಿಡುವ ಮೊದಲು ಸೈರನ್ ಕೂಗುತ್ತದೆ, ಕೂಗಿದ ಹತ್ತು ನಿಮಿಷಕ್ಕೆ ಗೇಟು ತೆರೆಯುತ್ತದೆ. ಕೂಗಿದ ತಕ್ಷಣ ಮೇಲೆ ಬಂದುಬಿಡಬೇಕು. ಏಳು ವರ್ಷದ ಹಿಂದೆ ಒಂದು ಶುಕ್ರವಾರ ಸೈರನ್ ಕೂಗಿತು, ಊರೆಲ್ಲ ಕೇಳಿಸಿಕೊಂಡಿತು, ಅವರು ಮಾತ್ರ ಮೇಲೆ ಬರಲಿಲ್ಲ. "ಸೈರನ್ ಆದರೂ ನಿರ್ಲಕ್ಷ್ಯದಿಂದ ಒಳಗೇ ಉಳಿದದ್ದು" ಎಂದು ರಿಪೋರ್ಟಿನಲ್ಲಿ ಬರೆದರು. ಆ ರಿಪೋರ್ಟಿನ ಫೈಲಿಗೆ ದಾರ ಕಟ್ಟಿದವಳು ನಾನೇ, ಅದು ನನ್ನ ಮೊದಲ ದಿನದ ಕೆಲಸ.

ಊರಿನವರು ಏನೇನೋ ಅಂದರು. ಕುಡಿದಿದ್ದ ಅಂದರು, ನಿದ್ದೆ ಮಾಡಿದ್ದ ಅಂದರು. ಸುಳ್ಳು ಯಾಕೆ ಹೇಳಲಿ, ನಾನೂ ಅಂದೆ. ಅವರು ಆಗೀಗ ಕುಡಿಯುತ್ತಿದ್ದುದು ನಿಜ. ನನ್ನನ್ನು ಮೂವತ್ತೇಳಕ್ಕೇ ಒಂಟಿ ಮಾಡಿ ಹೋದರಲ್ಲ ಎಂಬ ಸಿಟ್ಟು ಅಳುವಿಗಿಂತ ದೊಡ್ಡದಿತ್ತು. ತಿಥಿಯ ದಿನ ಎಡೆ ಇಡುವಾಗಲೂ "ಕಿವಿ ಎಲ್ಲಿಟ್ಟಿದ್ರಿ ಅವತ್ತು?" ಎಂದು ಬೈದೇ ಇಡುತ್ತಿದ್ದೆ. ಮನೆಯಲ್ಲಿ ಇದನ್ನು ಒಪ್ಪದವಳು ಒಬ್ಬಳೇ, ನನ್ನ ನಾದಿನಿ ಕುಮುದಾ. ಅವಳು ಅವರ ತಂಗಿ. ಮದುವೆ ಬೇಡ ಎಂದು ನನ್ನ ಜೊತೆಯೇ ಉಳಿದವಳು, ಬ್ಲೌಸು ಹೊಲಿಯುತ್ತಾಳೆ. "ಅಣ್ಣ ಅಂಥ ದಡ್ಡ ಅಲ್ಲ ಅತ್ತಿಗೆ. ಸೈರನ್ ಕೇಳಿದ್ರೆ ಬರ್ತಿದ್ದ" ಎಂದು ಏಳು ವರ್ಷದಿಂದ ಒಂದೇ ರಾಗ.

ಸೈರನ್ ಕೂಗುವುದು, ಗೇಟು ತೆರೆಯುವುದು ಎಲ್ಲವನ್ನೂ ಮಾಡುವುದು ಒಂದು ಯಂತ್ರ. ಅದಕ್ಕೆ ಅರ್ಥವಾಗುವ ಪ್ರೋಗ್ರಾಮಿಂಗ್ ಭಾಷೆಯ ಹೆಸರು ಝರಿ. ಊರಿನಲ್ಲಿ ಝರಿ ಬರುತ್ತಿದ್ದದ್ದು ಒಬ್ಬರಿಗೇ, ಆ ಪ್ರೋಗ್ರಾಂ ಬರೆದ ಪದ್ಮನಾಭಯ್ಯನವರಿಗೆ. ಸೊಂಟ ಬಾಗಿದ, ಮೆಲುದನಿಯ ಮನುಷ್ಯ. ಆಫೀಸಿನಲ್ಲಿ ನನ್ನ ಮೇಜಿನ ಮುಂದೆ ಹಾದುಹೋಗುವಾಗ ಯಾವಾಗಲೂ ನೆಲ ನೋಡಿಕೊಂಡೇ ಹೋಗುತ್ತಿದ್ದರು. ಯುಗಾದಿಗೆ ಅವರು ನಿವೃತ್ತರಾಗುತ್ತಾರೆಂದು ಗೊತ್ತಾದ ದಿನ ಸೂಪರಿಂಟೆಂಡೆಂಟ್ ಗುರುಲಿಂಗಪ್ಪ ನಮ್ಮನ್ನೆಲ್ಲ ಕರೆದು ಹೇಳಿದರು: "ಯುಗಾದಿಯೊಳಗೆ ನಿಮ್ಮಲ್ಲಿ ಯಾರಿಗೆ ಝರಿ ಬರುತ್ತೋ ಆ ಕುರ್ಚಿ ಅವರದ್ದು. ಕೊಂಡಾದ್ರೂ ಕಲೀರಿ, ಓದಾದ್ರೂ ಕಲೀರಿ. ನನಗೆ ನಲ್ಲಿಯಲ್ಲಿ ನೀರು ಬಂದ್ರೆ ಸಾಕು."

ಮನೆಗೆ ಬಂದು ಕುಮುದಾಗೆ ಹೇಳಿದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸಿ, ಬೀರುವಿನಿಂದ ದಪ್ಪದ ಒಂದು ಪುಸ್ತಕ ತೆಗೆದು ನನ್ನ ಮುಂದಿಟ್ಟಳು. ಝರಿಯ ಪುಸ್ತಕ! ಗ್ರಂಥಾಲಯದ್ದು. ನಾಲ್ಕು ತಿಂಗಳಿನಿಂದ ನನಗೆ ಗೊತ್ತಿಲ್ಲದಂತೆ ಓದುತ್ತಿದ್ದಳಂತೆ. ನಾನು ಬೆಪ್ಪಾದೆ.

"ಕುರ್ಚಿ ಮೇಲೆ ನಿನಗೂ ಕಣ್ಣಾ?" ಎಂದೆ.

"ಕುರ್ಚಿ ನೀವೇ ಇಟ್ಕೊಳ್ಳಿ ಅತ್ತಿಗೆ. ನನಗೆ ಆ ಪ್ರೋಗ್ರಾಂ ಓದಬೇಕು. ಅವತ್ತು ತಪ್ಪು ಮಾಡಿದ್ದು ಅಣ್ಣನಾ, ಯಂತ್ರನಾ ಅಂತ ನೋಡಬೇಕು."

"ಓದಿ ಓದಿ ಸತ್ತವರನ್ನ ಎಬ್ಬಿಸ್ತೀಯಾ?"

"ಎಬ್ಬಿಸೋಕಾಗಲ್ಲ. ಕುಡುಕ ಅನ್ನೋ ಹೆಸರು ಅಳಿಸಬಹುದಲ್ಲ."

ಆ ದಿನಗಳಲ್ಲೆಲ್ಲ ನಮ್ಮಿಬ್ಬರಿಗೆ ಇದೇ ಮಾತು. ಅವಳು ಗ್ರಂಥಾಲಯದ ಹಳೇ ಕಂಪ್ಯೂಟರಿನಲ್ಲಿ ಅಭ್ಯಾಸ ಮಾಡುತ್ತಿದ್ದಳು. ಅದರ ಕೀಲಿಮಣೆಯಲ್ಲಿ ಎರಡು ಅಕ್ಷರ ಕಿತ್ತುಹೋಗಿದ್ದವು, ಅಲ್ಲಿ ಅವಳು ಗುಂಡಿ ಹೊಲಿಯುವ ಸೂಜಿಯ ಹಿಂಬದಿಯಿಂದ ಒತ್ತುತ್ತಿದ್ದಳು. ಒಂದು ಸೆಮಿಕೋಲನ್ ಬಿಟ್ಟುಹೋಗಿ ಎರರ್ ಬಂದಿದ್ದಕ್ಕೆ ಒಂಬತ್ತು ದಿನ ತಲೆ ಚಚ್ಚಿಕೊಂಡಳು. ಹತ್ತನೆಯ ದಿನ ಅದು ಸಿಕ್ಕಾಗ ಬೀದಿಯಲ್ಲಿ ಓಡುತ್ತಾ ಬಂದು ನನ್ನನ್ನು ತಬ್ಬಿಕೊಂಡಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಒಂದು ಚುಕ್ಕಿಗೆ ಒಂಬತ್ತು ದಿನ! ಈ ಲೆಕ್ಕದಲ್ಲಿ ನೀನು ಕಲಿಯೋ ಹೊತ್ತಿಗೆ ಊರಲ್ಲಿ ನೀರೇ ಇರಲ್ಲ ಕಣೇ."

"ಓದಿ ಕಲಿತ್ರೆ ಎಲ್ಲೆಲ್ಲಿ ತಪ್ಪಾಗುತ್ತೆ ಅಂತ ಗೊತ್ತಾಗುತ್ತೆ. ಫೀಸು ಕೊಟ್ರೆ ಸರಿಯಾಗಿರೋದು ಮಾತ್ರ ಬರುತ್ತೆ."

"ಸರಿಯಾಗಿರೋದು ಬಂದ್ರೆ ಸಾಲದೇನೇ?"

"ನನಗೆ ತಪ್ಪೇ ಬೇಕಾಗಿರೋದು ಅತ್ತಿಗೆ" ಎಂದಳು.

ನನಗೆ ಅಷ್ಟು ತಾಳ್ಮೆ ಇಲ್ಲ. ನನಗೀಗ ನಲವತ್ತನಾಲ್ಕು. ಕಣ್ಣಿಗೆ ಸಣ್ಣಕ್ಷರ ಕಾಣುವುದಿಲ್ಲ, ಎರಡನೆಯ ಪುಟಕ್ಕೇ ಆಕಳಿಕೆ. ಪುಸ್ತಕದ ಮೊದಲ ಪಾಠವನ್ನು ಮೂರು ಸಲ ಓದಿದೆ. ಮೂರು ಸಲವೂ 'ಚಲಕ ಎಂದರೆ ಬೆಲೆಯನ್ನು ಇಡುವ ಡಬ್ಬಿ' ಎನ್ನುವಲ್ಲಿಗೆ ಬಂದಾಗ ನನಗೆ ಅಡುಗೆಮನೆಯ ಸಾಸಿವೆ ಡಬ್ಬಿ ಖಾಲಿಯಾದದ್ದು ನೆನಪಾಗಿ ಎದ್ದುಹೋದೆ. ಓದಿ ಕಲಿಯುವುದರಲ್ಲಿ ಒಂದು ಒಳ್ಳೆಯದಿದೆ, ಯಾರದ್ದೂ ಕಳೆಯುವುದಿಲ್ಲ. ಅದನ್ನು ಒಪ್ಪುತ್ತೇನೆ. ಆದರೆ ನಾಳೆ ಬಿಟ್ಟುಹೋಗುವ ಕುರ್ಚಿಯಲ್ಲಿ ಕೂತವರಿಗೆ ಇನ್ನು ಝರಿ ಯಾಕೆ ಬೇಕು? ಹಿತ್ತಲ ತುಳಸಿಗೆ ನೀರು ಹಾಕುವುದಕ್ಕೆ ಪ್ರೋಗ್ರಾಂ ಬರೆಯುತ್ತಾರೆಯೇ? ಹೀಗೆಲ್ಲ ನನಗೆ ನಾನೇ ವಾದ ಮಾಡಿಕೊಂಡು, ಗೆದ್ದು, ಪದ್ಮನಾಭಯ್ಯನವರ ಹತ್ತಿರ ಹೋದೆ.

ಆಫೀಸಿನ ಜಗಲಿಯ ಮೇಲೆ ಎಲ್ಲರೂ ಕಾಫಿ ಕುಡಿಯುತ್ತಿದ್ದರು. ನಾನು ವಿಷಯ ಹೇಳುತ್ತಲೇ ಪದ್ಮನಾಭಯ್ಯನವರು ಲೋಟ ಕೆಳಗಿಟ್ಟರು.

"ಬೇರೆ ಯಾರಿಗಾದ್ರೂ ಕಲಿಸ್ತೀನಿ ವಿಮಲಮ್ಮ. ನಿಮಗೆ ಬೇಡ."

"ಯಾಕೆ ಸಾರ್?"

"ನೀವು ಓದಿ ಕಲೀರಿ. ನಿಧಾನ ಆದ್ರೂ ಅದು ನಿಮ್ಮದೇ ಆಗಿರುತ್ತೆ. ಎಲ್ಲಿ ಸಿಕ್ಕಿಹಾಕ್ಕೊಂಡ್ರೂ ನಾನೇ ಬಂದು ದುಡ್ಡಿಲ್ದೆ ಹೇಳಿಕೊಡ್ತೀನಿ."

ನನಗೆ ಮೈ ಉರಿದುಹೋಯಿತು. ಬೇರೆ ಯಾರಿಗಾದರೂ ಕಲಿಸುತ್ತಾರಂತೆ, ನನಗೆ ಬೇಡವಂತೆ!

"ಯಾಕೆ? ಪಾಚಿ ಕೆರೆಯೋನ ಹೆಂಡ್ತಿ ಅಂತಲಾ? ಕುಡುಕನ ಹೆಂಡ್ತಿ ಬಂದು ನಿಮ್ಮ ಕುರ್ಚೀಲಿ ಕೂತ್ರೆ ಕುರ್ಚಿ ಮೈಲಿಗೆ ಆಗುತ್ತಾ?"

"ಅಯ್ಯೋ, ಹಾಗಲ್ಲ ತಾಯಿ..."

"ಮತ್ತೆ ಹೇಗೆ? ಎಲ್ಲರ ಮುಂದೆ ಹೇಳಿ. ಹೇಗೆ?"

ಪದ್ಮನಾಭಯ್ಯನವರ ಮುಖ ಬಿಳಿಚಿಕೊಂಡಿತು. ನನ್ನ ನಾಲಿಗೆಯ ಉದ್ದ ಊರಿಗೆಲ್ಲ ಗೊತ್ತು, ಆದರೆ ಇಷ್ಟು ಹೆದರುವ ಮನುಷ್ಯನನ್ನು ನಾನು ನೋಡಿರಲಿಲ್ಲ. ಕೊನೆಗೆ ಅವರು "ಆಯಿತು, ಸೋಮವಾರದಿಂದ ಬನ್ನಿ" ಎಂದರು. ಫೀಸು ಎಷ್ಟು ಎಂದು ಕೇಳಿದರೆ ಒಂದು ತೆಂಗಿನಕಾಯಿಯ ಬೆಲೆ ಹೇಳಿದರು. ಗೆದ್ದೆ ಎಂದುಕೊಂಡು ಮನೆಗೆ ಬಂದೆ.

ಮೊದಲ ಪಾಠ 'ಹೀಗಿದ್ದರೆ ಹೀಗೆ ಮಾಡು' ಎನ್ನುವುದು. ಆಫೀಸಿನ ಹಿಂಬದಿಯ ಯಂತ್ರದ ಕೋಣೆಯಲ್ಲಿ ಅವರು ಹಲಗೆಯ ಮೇಲೆ ಬರೆದರು: ಸಂಪು ತುಂಬಿದ್ದರೆ ಗೇಟು ಮುಚ್ಚು, ಇಲ್ಲದಿದ್ದರೆ ಕಾಯಿ. ಅವರು ಬರೆದು ಮುಗಿಸುವುದಕ್ಕೂ ನನ್ನ ತಲೆಯೊಳಗೆ ದೀಪ ಹಾಕಿದಂತಾಗುವುದಕ್ಕೂ ಸರಿಹೋಯಿತು. ಇಷ್ಟೇನಾ! ಇದಕ್ಕಾ ಕುಮುದಾ ನಾಲ್ಕು ತಿಂಗಳು ಕಣ್ಣು ಹಾಳು ಮಾಡಿಕೊಂಡದ್ದು? ನಾನು ಸೀಮೆಸುಣ್ಣ ಕಿತ್ತುಕೊಂಡು ಇನ್ನೂ ನಾಲ್ಕು ಸಾಲು ಬರೆದೆ. ತಿರುಗಿ ನೋಡಿದರೆ ಪದ್ಮನಾಭಯ್ಯನವರು ಹಲಗೆಯನ್ನು ಓದುತ್ತಿದ್ದರು, ಬೇರೆ ಊರಿನ ಬಸ್ಸಿನ ಬೋರ್ಡು ಓದುವವರ ಹಾಗೆ.

"ಈ 'ಇಲ್ಲದಿದ್ದರೆ' ಯಾಕೆ ಬಂತು ತಾಯಿ?" ಎಂದರು.

ಗೊತ್ತಿದ್ದೂ ಗೊತ್ತಿದ್ದೂ ಮಾಡಿದ ಕೆಲಸ. ಆದರೂ ಬರೆದವರೇ ಹಾಗೆ ಕೇಳಿದಾಗ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು.

ಎರಡನೆಯ ವಾರ ಲೂಪ್ ಬಂತು, ಮೂರನೆಯ ವಾರ ಯಂತ್ರಕ್ಕೆ ಹೊತ್ತು ತಿಳಿಸುವುದು ಬಂತು. ಅಂಟೂ ಬಂತು. ನನಗೆ ಕಾಫಿಗೆ ಸಕ್ಕರೆ ಬೇಡವಾಯಿತು, ಎಡ ಮೊಣಕಾಲು ಬೆಳಿಗ್ಗೆ ಹಿಡಿದುಕೊಳ್ಳತೊಡಗಿತು. ಪದ್ಮನಾಭಯ್ಯನವರು ಸಕ್ಕರೆ ಹಾಕಿಕೊಂಡು ಕುಡಿದು, ಜಗಲಿಯ ಮೆಟ್ಟಿಲನ್ನು ಚಕಚಕನೆ ಹತ್ತಿ ಇಳಿದರು. ಸಂಜೆ ನಾನು ಮನೆಯಲ್ಲಿ ಕೂತು ಪಟಪಟನೆ ಪ್ರೋಗ್ರಾಂ ಬರೆಯುವುದನ್ನು ಕುಮುದಾ ಹೊಲಿಗೆ ಬಿಟ್ಟು ನೋಡುತ್ತಿದ್ದಳು. ಹೊಟ್ಟೆಕಿಚ್ಚೇನೋ ಎಂದು ನಾನು ಇನ್ನೂ ಜೋರಾಗಿ ಬರೆದೆ. ಅವಳು ಕೇಳಿದ್ದು ಒಂದೇ: "ಗೇಟಿನ ಭಾಗ ಯಾವಾಗ ಕಲಿಸ್ತಾರಂತೆ?"

"ಕೊನೇಲಂತೆ. ಅದನ್ನ ಮುಂದಕ್ಕೆ ಮುಂದಕ್ಕೆ ಹಾಕ್ತಿದ್ದಾರೆ" ಎಂದೆ.

ಅವಳು ಕಾಯಲಿಲ್ಲ. ಯಂತ್ರದ ಪ್ರೋಗ್ರಾಂ ಅಚ್ಚು ಹಾಕಿಸಿ ಬೈಂಡ್ ಮಾಡಿದ ಪ್ರತಿ ಆಫೀಸಿನಲ್ಲಿತ್ತು. ಅರ್ಜಿ ಕೊಟ್ಟರೆ ಯಾರು ಬೇಕಾದರೂ ಶನಿವಾರ ಕೂತು ಓದಬಹುದಿತ್ತು. ಏಳು ವರ್ಷದಲ್ಲಿ ಅರ್ಜಿ ಕೊಟ್ಟವಳು ಅವಳೊಬ್ಬಳೇ. ಸಾಲು ಸಾಲಾಗಿ, ಬೆರಳಿಟ್ಟು, ತುಟಿ ಅಲುಗಿಸಿಕೊಂಡು ಐದು ಶನಿವಾರ ಓದಿದಳು. ಐದನೆಯ ಶನಿವಾರ ಮಧ್ಯಾಹ್ನ ನಾನು ಚಿತ್ರಾನ್ನ ತೆಗೆದುಕೊಂಡು ಹೋದರೆ, ಅವಳು ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟು ಕೂತಿದ್ದಳು.

"ಸಿಕ್ತು ಅತ್ತಿಗೆ. ಗೇಟಿನ ಭಾಗ."

"ಏನಿದೆ?"

"ಸೈರನ್ ಮೊದಲು. ಹತ್ತು ನಿಮಿಷ ಕಾಯಿ. ಆಮೇಲೆ ಗೇಟು. ಮಾಮೂಲಿ ದಿನಕ್ಕೂ ಹಾಗೇ ಇದೆ, ನೀರು ಬಿಡುವ ಸರದಿ ಬದಲಾದ ದಿನಕ್ಕೂ ಹಾಗೇ ಇದೆ." ಪುಸ್ತಕವನ್ನು ನನ್ನ ಕಡೆ ತಳ್ಳಿದಳು. "ಯಂತ್ರದ್ದು ತಪ್ಪಿಲ್ಲ. ಅಣ್ಣಂದೇ."

ನಾನು ಏನಾದರೂ ಒಂದು ಒಳ್ಳೆಯ ಮಾತಾಡಬಹುದಿತ್ತು. ನಾನು ಅಂದದ್ದು, "ಏಳು ವರ್ಷದಿಂದ ಬಡ್ಕೊಳ್ತಿಲ್ವಾ ನಾನು?" ಅವಳು ಚಿತ್ರಾನ್ನ ಮುಟ್ಟಲಿಲ್ಲ. ಅವತ್ತೇ ಪುಸ್ತಕವನ್ನು ಗ್ರಂಥಾಲಯಕ್ಕೆ ಹಿಂತಿರುಗಿಸಿ ಬಂದು, ಬಾಕಿ ಇದ್ದ ಬ್ಲೌಸುಗಳಿಗೆ ಕೂತಳು. ಹೊಲಿಯುತ್ತಲೇ ಅತ್ತಳು, ಅವಳು ಅಷ್ಟು ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವರು ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಸೋಮವಾರ ನನ್ನ ಕೊನೆಯ ಪಾಠ. ಕೊನೆಯ ಪಾಠದ ದಿನ ನಮ್ಮಲ್ಲಿ ಖಾತ್ರಿ ಎಂದು ಮಾಡುತ್ತಾರೆ. ಹೊರಗೆ ನಾಲ್ಕು ಜನ ಸಾಕ್ಷಿಗಳು ಕೂತಿರುತ್ತಾರೆ. ಪಾಠ ಮುಗಿದು ಬಾಗಿಲು ತೆಗೆದ ಕೂಡಲೇ ಕಲಿತವರು ಕಲಿಸಿದವರಿಗೆ ಪಾಠದೊಳಗಿನ ಒಂದು ಪ್ರಶ್ನೆ ಹಾಕಬೇಕು. ಅವರಿಗೆ ಉತ್ತರ ಬರದಿದ್ದರೆ ಪಾಠ ದಾಟಿತು ಅಂತ. ಕಲಿಸಿದವರು "ಹೋಯಿತು" ಎನ್ನಬೇಕು, ಕಲಿತವರು "ಬಂತು" ಎನ್ನಬೇಕು. ಆಮೇಲೆ ಎಲ್ಲರೂ ಕೋಸಂಬರಿ ತಿಂದು ಪಾನಕ ಕುಡಿದು ಮನೆಗೆ ಹೋಗುವುದು. ನನ್ನ ಖಾತ್ರಿಗೆ ನಾಲ್ಕಲ್ಲ, ಇಡೀ ಆಫೀಸೇ ಕುರ್ಚಿ ಹಾಕಿಕೊಂಡು ಕೂತಿತ್ತು. ಗುರುಲಿಂಗಪ್ಪನವರು ಹಾರ ತರಿಸಿದ್ದರು. ಕುಮುದಾಳನ್ನು ನಾನೇ ಬಲವಂತ ಮಾಡಿ ಕರೆದುಕೊಂಡು ಬಂದಿದ್ದೆ.

ಯಂತ್ರದ ಕೋಣೆಯಲ್ಲಿ ಪದ್ಮನಾಭಯ್ಯನವರು ಸೀಮೆಸುಣ್ಣ ಹಿಡಿದು ಬಹಳ ಹೊತ್ತು ನಿಂತರು.

"ವಿಮಲಮ್ಮ, ಇದೊಂದು ಪಾಠ ಬೇಡ ಬಿಡಿ. ನಿಮ್ಮ ದುಡ್ಡು ವಾಪಸ್ ತಗೊಳ್ಳಿ."

"ಇದೇನ್ ಸಾರ್ ಇದು? ಹೊರಗೆ ಹಾರ ತಂದು ಕೂತಿದ್ದಾರೆ!"

"ಹಾಗಾದ್ರೆ ಪಾಠಕ್ಕೆ ಮುಂಚೆ ನಾನು ನಿಮಗೊಂದು ಮಾತು ಹೇಳಬೇಕು. ಏಳು ವರ್ಷದಿಂದ ಹೇಳಬೇಕು ಅಂತಿದ್ದೀನಿ. ನಿಮಗೂ, ಕುಮುದಮ್ಮನಿಗೂ. ಅವರನ್ನೂ ಕರೀರಿ."

ನನಗೆ ತಾಳ್ಮೆ ತಪ್ಪಿಹೋಗಿತ್ತು. ಇವರು ಏಳು ವರ್ಷದಿಂದ ಹೇಳಬೇಕೆಂದಿರುವ ಮಾತು ಇನ್ನೇನಿರುತ್ತದೆ, ನಿಮ್ಮ ಯಜಮಾನರು ಹೋದದ್ದು ಬೇಜಾರು ಎನ್ನುತ್ತಾರೆ, ಕಣ್ಣೀರು ಹಾಕುತ್ತಾರೆ, ಅಷ್ಟೇ ತಾನೆ. ಹೊರಗೆ ಗುರುಲಿಂಗಪ್ಪನವರು ಎರಡು ಸಲ ಕೆಮ್ಮಿದ್ದರು.

"ಮೊದಲು ಪಾಠ ಮುಗಿಸಿ ಸಾರ್. ಆಮೇಲೆ ಕೂತು ನಿಧಾನಕ್ಕೆ ಹೇಳುವಿರಂತೆ" ಎಂದೆ.

ಅವರು ನನ್ನನ್ನೇ ನೋಡಿದರು. ಅಷ್ಟು ವರ್ಷದಲ್ಲಿ ಮೊದಲ ಸಲ ನೇರವಾಗಿ ನೋಡಿದರು. ಆಮೇಲೆ ಹಲಗೆಯ ಕಡೆ ತಿರುಗಿ ಬರೆಯತೊಡಗಿದರು. ಸೈರನ್. ಹತ್ತು ನಿಮಿಷ ಕಾಯಿ. ಗೇಟು. ಮಾಮೂಲಿ ದಿನದ್ದು ಮುಗಿಯಿತು. ಸರದಿ ಬದಲಾದ ದಿನ, ಎಂದು ಬರೆದು, ಅದರ ಕೆಳಗೆ ಮತ್ತೆ ಸೈರನ್, ಹತ್ತು ನಿಮಿಷ ಕಾಯಿ, ಗೇಟು.

ಬಂತು. ಎಲ್ಲ ಪಾಠಗಳ ಹಾಗೆ ಇದೂ ಬಂತು. ಅದರ ಜೊತೆಗೆ ಅಂಟು ಬಂತು.

ಇದೇ ಕೋಣೆ. ಮಂಗಳವಾರ. ನಾನು ಸಕ್ಕರೆ ಇಲ್ಲದ ಕಾಫಿ ಕುಡಿಯುತ್ತಾ ಪ್ರೋಗ್ರಾಂ ನೋಡುತ್ತಿದ್ದೇನೆ. ಸರದಿ ಬದಲಾದ ದಿನದ ಭಾಗದಲ್ಲಿ ಗೇಟಿನ ಸಾಲು ಮೇಲಿದೆ, ಸೈರನ್ನಿನ ಸಾಲು ಕೆಳಗಿದೆ. ಅಯ್ಯೋ, ತಿರುಗುಮುರುಗಾಗಿದೆ. ಗೇಟು ತೆರೆದ ಹತ್ತು ನಿಮಿಷಕ್ಕೆ ಸೈರನ್ ಕೂಗುತ್ತದೆ. ಸರದಿ ಬದಲಾಗುವುದು ವರ್ಷಕ್ಕೊಮ್ಮೆಯೋ ಎರಡು ಸಲವೋ. ಹೊತ್ತಾಗಿದೆ, ಮೊಣಕಾಲು ನೋಯುತ್ತಿದೆ. ನಾಳೆ ಸರಿ ಮಾಡಿದರಾಯಿತು. ಬುಧವಾರ ಮರೆತೆ. ಗುರುವಾರ ನೆನಪಾಯಿತು, ಆಗ ಯಾರೋ ಕರೆದರು. ಶುಕ್ರವಾರ ಛತ್ರದಲ್ಲಿ ಮದುವೆ ಇದೆ ಎಂದು ನೀರಿನ ಸರದಿ ಬದಲಾಯಿಸಿದರು. ಸೈರನ್ ಕೂಗಿದಾಗ ನಾನು ಊಟಕ್ಕೆ ಕೂತಿದ್ದೆ. ತುತ್ತು ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಚನ್ನಕೇಶವ ಒಳಗಿದ್ದಾನೆ, ನೀರು ಬಿಟ್ಟು ಆಗಲೇ ಹತ್ತು ನಿಮಿಷವಾಯಿತು ಎಂದು ಇಡೀ ಊರಿನಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಅವತ್ತು ಸಂಜೆ, ಹೆಣ ಮನೆಗೆ ಹೋದ ಮೇಲೆ, ಎರಡು ಸಾಲುಗಳನ್ನು ಮೇಲೆ ಕೆಳಗೆ ಮಾಡಿದೆ. ವಾರ ಕಳೆದು ಪ್ರೋಗ್ರಾಂ ಅಚ್ಚು ಹಾಕಿಸಿ ಬೈಂಡ್ ಮಾಡಿಸಿದೆ.

ನಾನು ಗೋಡೆ ಹಿಡಿದುಕೊಂಡೆ. ಉಸಿರು ಎಳೆದರೆ ಒಳಗೆ ಹೋಗಲಿಲ್ಲ. ಅವರು ಕುಡಿದಿರಲಿಲ್ಲ. ನಿದ್ದೆ ಮಾಡಿರಲಿಲ್ಲ. ಸೈರನ್ ಬರುತ್ತದೆ ಎಂದು ನಂಬಿ, ಕಿವಿ ತೆರೆದುಕೊಂಡೇ, ಪಾಚಿ ಕೆರೆಯುತ್ತಿದ್ದರು. ನಾನು ಏಳು ವರ್ಷ, ಎಡೆಯ ಮುಂದೆ ಕೂತು, ಆ ಕಿವಿಗಳನ್ನು ಬೈದಿದ್ದೆ.

"ಏನ್ರೀ ಮಾಡಿದ್ರಿ! ಏನು ಮಾಡಿಬಿಟ್ರಿ ನೀವು!" ಎಂದು ಪದ್ಮನಾಭಯ್ಯನವರ ತೋಳು ಹಿಡಿದು ಅಲುಗಾಡಿಸಿದೆ.

ಅವರ ಮುಖದಲ್ಲಿ ಏನೂ ಇರಲಿಲ್ಲ. ಹಣೆಯ ಗೆರೆಗಳು ಸಡಿಲವಾಗಿದ್ದವು. ಬಾಗಿದ ಸೊಂಟ ನೆಟ್ಟಗಾಗಿತ್ತು. ಮಗುವಿನಂತೆ ನನ್ನನ್ನು ನೋಡಿ, ಕೈಯಲ್ಲಿದ್ದ ಸೀಮೆಸುಣ್ಣವನ್ನು ನೋಡಿ, ಅದನ್ನು ಎಲ್ಲಿಡಬೇಕು ಎಂದು ತಿಳಿಯದೆ ಜೇಬಿಗೆ ಹಾಕಿಕೊಂಡರು.

"ಯಾಕೆ ತಾಯಿ? ಮೈ ಸರಿಯಿಲ್ವಾ?" ಎಂದರು.

"ನೀವು ನನಗೇನೋ ಹೇಳಬೇಕು ಅಂದ್ರಲ್ಲ. ಏಳು ವರ್ಷದಿಂದ ಹೇಳಬೇಕು ಅಂತಿದ್ದೀನಿ ಅಂದ್ರಲ್ಲ. ಹೇಳಿ. ಈಗ ಹೇಳಿ."

ಅವರು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು, ಪಾಪ. "ಏನಿರಬಹುದು?" ಎಂದು ನನ್ನನ್ನೇ ಕೇಳಿದರು.

ನನ್ನ ಕೂಗು ಕೇಳಿ ಗುರುಲಿಂಗಪ್ಪನವರು ಬಾಗಿಲು ತಳ್ಳಿದರು. ಪಾಠ ಮುಗಿದ ಸಂತೋಷಕ್ಕೆ ಕೂಗಿದಳು ಎಂದುಕೊಂಡರೇನೋ, "ಬನ್ನಿ ಬನ್ನಿ, ಖಾತ್ರಿ ಆಗಲಿ" ಎಂದು ನಮ್ಮಿಬ್ಬರನ್ನೂ ಎಳೆದು ತಂದು ಎದುರುಬದುರು ಕುರ್ಚಿಯಲ್ಲಿ ಕೂರಿಸಿದರು. ಯಾರೋ ಕೋಸಂಬರಿಗೆ ಒಗ್ಗರಣೆ ಹಾಕುತ್ತಿದ್ದ ವಾಸನೆ. ನನಗೆ ಆ ಜನರ ಮುಖಗಳು ಬೇರೆ ಬೇರೆಯಾಗಿ ಕಾಣಲೇ ಇಲ್ಲ. ಕುಮುದಾ ಮಾತ್ರ ಕಂಡಳು, ಹಿಂದಿನ ಸಾಲಿನಲ್ಲಿ, ಮಡಿಲಲ್ಲಿ ಕೈ ಇಟ್ಟುಕೊಂಡು.

"ಪ್ರಶ್ನೆ ಕೇಳಿ ವಿಮಲಮ್ಮ" ಎಂದರು ಗುರುಲಿಂಗಪ್ಪನವರು.

ನಾನು ಏನು ಬೇಕಾದರೂ ಕೇಳಬಹುದಿತ್ತು. ಲೂಪ್ ಅಂದರೇನು ಎಂದು ಕೇಳಿದ್ದರೂ ಸಾಕಿತ್ತು. ಎಲ್ಲೋ ಒಂದು ಮೂಲೆಯಲ್ಲಿ ಒಂದು ಎಳೆಯಾದರೂ ಉಳಿದಿರಬಹುದು, ಇಷ್ಟು ದೊಡ್ಡದು ಪೂರ್ತಿ ಹೋಗುವುದು ಸಾಧ್ಯವೇ ಎಂಬ ಆಸೆಗೆ ನಾನು ಕೇಳಿದೆ.

"ಏಳು ವರ್ಷದ ಹಿಂದೆ ಸರದಿ ಬದಲಾದ ಶುಕ್ರವಾರ ಗೇಟು ಮೊದಲು ತೆರೀತಾ, ಸೈರನ್ ಮೊದಲು ಕೂಗ್ತಾ?"

ಹಿಂದಿನ ಸಾಲಿನಲ್ಲಿ ಕುಮುದಾ ಎದ್ದು ನಿಂತಳು.

ಪದ್ಮನಾಭಯ್ಯನವರು ಗುರುಲಿಂಗಪ್ಪನವರ ಕಡೆ ನೋಡಿದರು, ನನ್ನ ಕಡೆ ನೋಡಿದರು. ಉತ್ತರ ಗೊತ್ತಿಲ್ಲದ್ದಕ್ಕೆ ನಾಚಿಕೆಪಟ್ಟುಕೊಂಡು ನಕ್ಕರು.

"ಯಾವ ಗೇಟು ತಾಯಿ?" ಎಂದರು.

ಜನ ಚಪ್ಪಾಳೆ ತಟ್ಟಿದರು. ಗುರುಲಿಂಗಪ್ಪನವರು ಹಾರ ಬಿಡಿಸುತ್ತಾ ಅವರಿಗೆ ಹೇಳಿಕೊಟ್ಟರು, ಅವರು ವಿಧೇಯರಾಗಿ "ಹೋಯಿತು" ಎಂದರು. ಈಗ ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನನಗೆ ಎದ್ದು ಕಿರುಚಬೇಕು ಎನ್ನಿಸಿತು. ಕಿರುಚಿ ಯಾರ ಕಡೆ ಬೆರಳು ತೋರಿಸಲಿ? ಆ ಕುರ್ಚಿಯಲ್ಲಿ ಕೂತಿದ್ದ ಮುದುಕ ಯಾರನ್ನೂ ಕೊಂದಿರಲಿಲ್ಲ. ಪಾನಕದ ಲೋಟಕ್ಕೆ ಕೈ ಚಾಚುತ್ತಿದ್ದ. ನಾನು ಓದಿ ಕಲಿತಿದ್ದರೆ ಅವರ ಒಳಗೆ ಅದು ಉಳಿದಿರುತ್ತಿತ್ತು. ಇವತ್ತಲ್ಲದಿದ್ದರೆ ನಾಳೆ ಅವರ ಬಾಯಿಂದಲೇ ಬರುತ್ತಿತ್ತು. ಇಡೀ ಊರಿನಲ್ಲಿ ನನ್ನ ಗಂಡನ ಪರವಾಗಿದ್ದ ಒಂದೇ ಒಂದು ಸಾಕ್ಷಿಯನ್ನು ನಾನೇ ಒಂದು ತೆಂಗಿನಕಾಯಿಯ ಬೆಲೆ ಕೊಟ್ಟು ಅಳಿಸಿದ್ದೆ.

"ಬಂತು" ಎಂದೆ. ಹಾರ ಹಾಕಿದರು.

ಹೇಗೆ ಹೊರಗೆ ಬಂದೆನೋ ಗೊತ್ತಿಲ್ಲ. ಆಫೀಸಿನ ಹಿಂದೆ, ದೊಡ್ಡ ಸಂಪಿನ ಮುಚ್ಚಳದ ಹತ್ತಿರ ಕುಮುದಾ ನನ್ನನ್ನು ಹಿಡಿದು ನಿಲ್ಲಿಸಿದಳು. ಬಿಸಿಲಿನಲ್ಲಿ ಅವಳ ಮುಖ ಬೆವರಿ ಹೊಳೆಯುತ್ತಿತ್ತು. ನನ್ನ ಎರಡೂ ಕೈಗಳನ್ನು ತನ್ನ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಅತ್ತಿಗೆ, ಆ ಪ್ರಶ್ನೆ ಯಾಕೆ ಕೇಳಿದ್ರಿ? ಅಂಟಿನಲ್ಲಿ ಬಂತಾ? ಗೇಟು ಮೊದಲು ತೆರೀತಾ?"

"ಮೊದಲು ತೆರೀತು. ನಿಮ್ಮಣ್ಣಂದು ಏನೂ ತಪ್ಪಿಲ್ಲ ಕುಮುದಾ. ಎರಡು ಸಾಲು ತಿರುಗುಮುರುಗಾಗಿತ್ತು. ಆಮೇಲೆ ಸರಿ ಮಾಡಿ ಅಚ್ಚು ಹಾಕಿಸಿದ್ದು, ಅದಕ್ಕೇ ನಿನಗೆ ಸಿಗಲಿಲ್ಲ."

ಅವಳು ಕಣ್ಣು ಮುಚ್ಚಿದಳು. "ನಾನು ಹೇಳ್ತಿರಲಿಲ್ವಾ" ಎಂದು ಪಿಸುಗುಟ್ಟಿದಳು. ಅಳುತ್ತಾ ನಕ್ಕಳು, ನಗುತ್ತಾ ಅತ್ತಳು. ಆಮೇಲೆ ಕಣ್ಣು ಬಿಟ್ಟು ಕೇಳಿದಳು.

"ತಿರುಗುಮುರುಗಾಗಿದೆ ಅಂತ ಮೊದಲೇ ಯಾರಿಗಾದ್ರೂ ಗೊತ್ತಿತ್ತಾ?"

ಪದ್ಮನಾಭಯ್ಯನವರಿಗೆ ಎನ್ನಬೇಕೆಂದು ಬಾಯಿ ತೆರೆದೆ. ಆ ಹೆಸರು ನಾಲಿಗೆಯ ತುದಿಗೆ ಬಂದು ಸುಳ್ಳಿನ ಹಾಗೆ ಅನ್ನಿಸಿತು. ಮಂಗಳವಾರ ಕಾಫಿ ಹಿಡಿದು ಆ ಎರಡು ಸಾಲನ್ನು ನೋಡಿದ ಕಣ್ಣು ನನ್ನದು. ತುತ್ತು ನಿಂತದ್ದು ನನ್ನ ಕೈಯಲ್ಲಿ. ನಾಳೆ ಎಂದದ್ದು ಈ ಬಾಯಿ.

"ಗೊತ್ತಿತ್ತು" ಎಂದೆ.

"ಯಾರಿಗೆ?"

"ನನಗೆ. ಮೂರು ದಿನ ಮೊದಲೇ ನನಗೆ ಗೊತ್ತಿತ್ತು ಕುಮುದಾ."

ಅವಳು ನನ್ನ ಕೈ ಬಿಟ್ಟಳು.